ತೋಟದ ಮನೆಗೆ ಬಂದ ನಾಯಿಯ ಮೊದಲ ತಿಂಗಳುಗಳು

ಪೇಟೆಯ ಬೀದಿಯಿಂದಲೋ ರಕ್ಷಣಾ ಕೇಂದ್ರದಿಂದಲೋ ತೋಟದ ಮನೆಗೆ ಬಂದ ನಾಯಿ ಮೊದಲ ಕೆಲವು ದಿನ ಸಾಮಾನ್ಯವಾಗಿ ಬೊಗಳುವುದೇ ಇಲ್ಲ. ಕೊಟ್ಟಿಗೆಯ ಮೂಲೆ, ಟ್ರ್ಯಾಕ್ಟರಿನ ಅಡಿ, ಸೌದೆ ರಾಶಿಯ ಹಿಂದೆ, ಹೀಗೆ ಬೆನ್ನಿಗೊಂದು ಆಸರೆ ಸಿಗುವ ಜಾಗ ಹುಡುಕಿ ಮುದುಡಿಕೊಳ್ಳುತ್ತದೆ. ಬೆಳಿಗ್ಗೆ ಹಾಕಿದ ಅನ್ನ ಸಂಜೆವರೆಗೂ ಹಾಗೇ ಇರುತ್ತದೆ; ಮನೆಯ ದೀಪ ಆರಿದ ಮೇಲಷ್ಟೇ ತಟ್ಟೆ ಖಾಲಿಯಾಗುತ್ತದೆ. ಎದುರಿಗೇ ಕೋಳಿ ಹಾದುಹೋದರೂ ತಲೆ ಎತ್ತುವುದಿಲ್ಲ. ‘ಪಾಪ, ಎಷ್ಟು ಸಾಧು ನಾಯಿ’ ಎಂದು ಮನೆಯವರಿಗೆ ಸಮಾಧಾನ. ಮೂರನೇ ದಿನಕ್ಕೇ ಹಗ್ಗ ಬಿಚ್ಚುತ್ತಾರೆ. ಎಡವಟ್ಟು ಶುರುವಾಗುವುದು ಇಲ್ಲಿಂದ.

ಆ ಮೌನ ನಾಯಿಯ ಸ್ವಭಾವವಲ್ಲ, ದಿಗಿಲು.

ಅಮೆರಿಕದ ಓಹಾಯೋದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಹೆನೆಸ್ಸಿ ಮತ್ತು ಸಂಗಡಿಗರು 1997ರಲ್ಲಿ ನಾಯಿಗಳ ಆಶ್ರಯ ಕೇಂದ್ರವೊಂದರಲ್ಲಿ ರಕ್ತದ ಮಾದರಿ ತೆಗೆದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. ಒತ್ತಡಕ್ಕೆ ಸಿಕ್ಕ ದೇಹದಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸುರಿಸುವ ರಾಸಾಯನಿಕ ಇದು. ಕೇಂದ್ರಕ್ಕೆ ಬಂದು ಮೂರು ದಿನದೊಳಗಿನ ನಾಯಿಗಳಲ್ಲಿ ಇದರ ಮಟ್ಟ, ಅಲ್ಲೇ ಒಂಬತ್ತು ದಿನಕ್ಕಿಂತ ಹೆಚ್ಚು ಕಳೆದ ನಾಯಿಗಳಿಗಿಂತಲೂ ಮನೆಯಲ್ಲಿ ಸಾಕಿದ ನಾಯಿಗಳಿಗಿಂತಲೂ ಎದ್ದು ಕಾಣುವಷ್ಟು ಹೆಚ್ಚಿತ್ತು. ಇಂಥ ಸ್ಥಿತಿಯಲ್ಲಿರುವ ದೇಹ ಹಸಿವು, ಆಟ, ಕುತೂಹಲ ಎಲ್ಲವನ್ನೂ ಬದಿಗೊತ್ತಿ ಅಪಾಯ ಎಲ್ಲಿಂದ ಬರಬಹುದೆಂದು ಕಾಯುವ ಕೆಲಸವೊಂದನ್ನೇ ಮಾಡುತ್ತಿರುತ್ತದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಲಿಸಾ ಗುಂಟರ್ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಆಶ್ರಯ ಕೇಂದ್ರಗಳ ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಲ್ಲಿ ಇರಿಸಿ ನೋಡಿದರು. ಅಷ್ಟಕ್ಕೇ ಮೂತ್ರದಲ್ಲಿನ ಕಾರ್ಟಿಸಾಲ್ ಇಳಿಯಿತು. ಕೇಂದ್ರಕ್ಕೆ ಮರಳಿದಾಗ ಮತ್ತೆ ಮೊದಲಿನ ಮಟ್ಟಕ್ಕೇ ಏರಿತು. ಗಲಾಟೆಯಿಲ್ಲದ ಜಾಗದಲ್ಲಿ ಸಿಗುವ ನಿದ್ದೆ ಹೊಸ ನಾಯಿಗೆ ಬಿಸ್ಕತ್ತಿಗಿಂತ ದೊಡ್ಡ ಉಪಚಾರ. ಆದರೆ ಹೊಸ ನಾಯಿ ಬಂದ ದಿನವೇ ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಸುತ್ತ ನೆರೆದು ಒಬ್ಬೊಬ್ಬರಾಗಿ ತಲೆ ಸವರುವುದೇ ನಮ್ಮಲ್ಲಿ ರೂಢಿ.

ಈ ದಿಗಿಲನ್ನು ಓದುವುದು ಕಷ್ಟವಲ್ಲ. ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆಯ ತುದಿ ಮೂಗಿಗೆ ತಾಗಿ ಒಳಗೆ ಹೋಗುತ್ತದೆ. ನಿದ್ದೆ ಬರದಿದ್ದರೂ ಆಕಳಿಕೆ. ಯಾರಾದರೂ ಹತ್ತಿರ ಬಂದರೆ ಮುಖ ಒಂದು ಕಡೆ ತಿರುಗಿಸಿ ಕಣ್ಣು ಮಾತ್ರ ಅವರ ಮೇಲಿಟ್ಟಿರುತ್ತದೆ. ಆಗ ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಕಿವಿ ತಲೆಗಂಟಿ, ಬಾಲ ಹೊಟ್ಟೆಗಂಟಿ, ಭಾರವೆಲ್ಲ ಹಿಂಗಾಲಿನ ಮೇಲೆ. ಆ ಹೊತ್ತಿನಲ್ಲಿ ತಲೆಯ ಮೇಲೆ ಕೈ ಚಾಚಿದರೆ ಕಚ್ಚಿಸಿಕೊಳ್ಳುವ ಸಂಭವವೇ ಹೆಚ್ಚು. ಪಕ್ಕಕ್ಕೆ ತಿರುಗಿ, ದೂರದಲ್ಲಿ ಕೂತು, ನಾಯಿ ತಾನಾಗಿ ಬಂದು ಮೂಸುವವರೆಗೆ ಬಿಡುವುದೇ ಸರಿ. ಎಂದಾದರೂ ಒಂದು ಮಧ್ಯಾಹ್ನ ಅದು ಅಂಗಳದ ನಡುವೆ ನಾಲ್ಕೂ ಕಾಲು ಚಾಚಿ ಹೊಟ್ಟೆ ಕಾಣುವಂತೆ ಮಗ್ಗುಲಾಗಿ ಮಲಗಿದರೆ, ಈ ಜಾಗ ಅದಕ್ಕೆ ಒಪ್ಪಿಗೆಯಾಗುತ್ತಿದೆ ಎಂದು ತಿಳಿಯಬಹುದು.

ನಂಟು ಮಾತ್ರ ಇದಕ್ಕಿಂತ ಬೇಗ ಕೂಡಿಬರುತ್ತದೆ. ಪುಟ್ಟ ಮಕ್ಕಳು ಅಮ್ಮನನ್ನು ಎಷ್ಟು ಹಚ್ಚಿಕೊಂಡಿದ್ದಾರೆಂದು ಅಳೆಯಲು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಒಂದು ಪರೀಕ್ಷೆ ರೂಪಿಸಿದ್ದರು. ಅಪರಿಚಿತ ಕೋಣೆ, ಒಬ್ಬ ಅಪರಿಚಿತ ವ್ಯಕ್ತಿ, ಅಮ್ಮ ಹೊರಗೆ ಹೋಗುವುದು, ಮರಳಿ ಬರುವುದು. ಬುಡಾಪೆಸ್ಟ್‌ನ ಸಂಶೋಧಕರು 1998ರಲ್ಲಿ ಇದನ್ನೇ ಸಾಕುನಾಯಿಗಳಿಗೂ ಒಡೆಯರಿಗೂ ಒಗ್ಗಿಸಿದರು. ನಂತರ ಮಾರ್ತಾ ಗಾಚಿ ಮತ್ತು ಜೊತೆಗಾರರು ಆಶ್ರಯ ಕೇಂದ್ರಗಳ ವಯಸ್ಕ ನಾಯಿಗಳತ್ತ ತಿರುಗಿದರು. ಒಬ್ಬರೇ ವ್ಯಕ್ತಿ ಮೂರು ಬಾರಿ, ಪ್ರತಿ ಸಲ ಹತ್ತು ನಿಮಿಷ ನಾಯಿಯ ಜೊತೆ ಕಳೆದರು. ಪರೀಕ್ಷೆಯಲ್ಲಿ ಈ ನಾಯಿಗಳು ಆ ವ್ಯಕ್ತಿ ಒಳಬಂದಾಗ ಓಡಿ ಹೋಗಿ ಮೈಗೆ ಅಂಟಿಕೊಂಡವು, ಅಪರಿಚಿತರನ್ನು ಬೇರೆಯಾಗಿಯೇ ಕಂಡವು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ, ದೊಡ್ಡ ನಾಯಿ ಹೊಸಬರಿಗೆ ಹೊಂದಿಕೊಳ್ಳುವುದಿಲ್ಲ, ಮರಿಯನ್ನೇ ತರಬೇಕು ಎಂಬ ನಂಬಿಕೆಗೆ ನೇರ ಉತ್ತರ.

ನಮ್ಮ ಬೀದಿ ನಾಯಿಗಳ ಕಥೆಯನ್ನು ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ವರ್ಷಗಟ್ಟಲೆ ಬೀದಿಯಲ್ಲೇ ನಿಂತು ದಾಖಲಿಸಿದೆ. ಅವರು ಗಮನಿಸಿದ 364 ಮರಿಗಳಲ್ಲಿ ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇಕಡ 19 ಮಾತ್ರ. ಸಾವುಗಳಲ್ಲಿ ಹೆಚ್ಚಿನವು ಮನುಷ್ಯರ ಕಾರಣದಿಂದಲೇ ಆದವು. ಬದುಕುಳಿದ ಬೀದಿ ನಾಯಿ ಮನುಷ್ಯನಿಂದ ಒಳಿತು ಕೆಡುಕು ಎರಡನ್ನೂ ಕಂಡಿರುತ್ತದೆ. ಆದರೂ ಇದೇ ತಂಡದ 2017ರ ಪ್ರಯೋಗದಲ್ಲಿ, ಗುರುತಿಲ್ಲದವರೊಂದಿಗೆ ಮತ್ತೆ ಮತ್ತೆ ಒಡನಾಟ ಬಂದಾಗ ಬೀದಿ ನಾಯಿಗಳು ತಿಂಡಿ ಕೊಟ್ಟವರಿಗಿಂತ ತಲೆ ಸವರಿದವರನ್ನೇ ಹೆಚ್ಚು ನಂಬಿದವು.

ಹೀಗೆ ನಂಟು ಬೆಳೆದು ದಿಗಿಲು ಇಳಿದ ಮೇಲೆ ನಾಯಿಯ ನಿಜವಾದ ಗುಣ ಹೊರಬರುತ್ತದೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಆಶ್ರಯ ಕೇಂದ್ರಗಳಿಂದ ದತ್ತು ಹೋದ 99 ನಾಯಿಗಳ ಬಗ್ಗೆ 7, 30, 90 ಮತ್ತು 180ನೇ ದಿನ ಮನೆಯವರಿಂದ ಪ್ರಶ್ನಾವಳಿ ತುಂಬಿಸಿದರು. 2023ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೊದಲ ವಾರಕ್ಕೆ ಹೋಲಿಸಿದರೆ ಮುಂದಿನ ತಿಂಗಳುಗಳಲ್ಲಿ ಅಪರಿಚಿತರ ಮೇಲೆ ಎಗರುವುದು ಹೆಚ್ಚಾಯಿತು, ಹೇಳಿದ ಮಾತು ಕೇಳುವುದು ಕಡಿಮೆಯಾಯಿತು, ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗುವುದು ಹೆಚ್ಚಿತು. ಒಂಟಿಯಾದಾಗ ಗೋಳಾಡುವುದು ಮಾತ್ರ ಆರು ತಿಂಗಳಿಗೆ ತಗ್ಗಿತ್ತು. ಇಷ್ಟೆಲ್ಲ ಆದರೂ ಕೊನೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ತಮ್ಮ ನಾಯಿಯ ನಡತೆ ಒಳ್ಳೆಯದೆಂದೇ ಹೇಳಿದರು.

ಪೇಟೆಯ ಫ್ಲ್ಯಾಟಿನಲ್ಲಿ ಅಟ್ಟಿಸುವ ಚಟ ಅಷ್ಟಾಗಿ ಕಾಣದು. ತೋಟದಲ್ಲಿ ಅದರ ಲೆಕ್ಕ ಕೋಳಿಗಳಲ್ಲಿ ಆಗುತ್ತದೆ. ನಾಯಿ ವಿಜ್ಞಾನಿಗಳಾದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಬೇಟೆಯ ನಡವಳಿಕೆಯನ್ನು ಒಂದರ ಹಿಂದೊಂದು ಬರುವ ಹಂತಗಳಾಗಿ ವಿವರಿಸಿದ್ದರು: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕುರಿ ಕಾಯುವ ತಳಿಗಳನ್ನು ಮರಿಯಿಂದಲೇ ಕುರಿಗಳ ನಡುವೆ ಬೆಳೆಸುವುದರಿಂದ ಅವುಗಳಿಗೆ ಕುರಿ ಬೇಟೆಯಾಗಿ ಕಾಣುವುದಿಲ್ಲ. ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿಗಳು ಯಾರು ತಮ್ಮವರೆಂದು ಕಲಿಯುತ್ತವೆ. ಆ ವಯಸ್ಸು ದಾಟಿ ಬಂದ ಪೇಟೆಯ ನಾಯಿಗೆ ಪುರ್ರೆಂದು ಓಡುವ ಕೋಳಿ ಅಟ್ಟಲು ಕೊಟ್ಟ ಕರೆ. ಒಮ್ಮೆ ಕೋಳಿ ಹಿಡಿದ ಮೇಲೆ ಹೊಡೆದು ಬಿಡಿಸಲು ಹೋಗುವುದಕ್ಕಿಂತ, ಆ ಓಟಕ್ಕೆ ಮೊದಲ ಅವಕಾಶವನ್ನೇ ಕೊಡದಿರುವುದು ಸುಲಭ: ಹಗ್ಗ ಹಿಡಿದು ದೂರದಿಂದ ಕೋಳಿ ತೋರಿಸಿ, ದಿಟ್ಟಿಸಿದ ನಾಯಿ ಹಿಂತಿರುಗಿ ಮುಖ ನೋಡಿದಾಗ ಒಂದು ತುಣುಕು ತಿಂಡಿ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲಿ ಗದರಿಸಿ, ಹಗ್ಗ ಜಗ್ಗಿ ಕಲಿಸಿದ ನಾಯಿಗಳಲ್ಲಿ ತರಬೇತಿಯ ನಂತರ ಕಾರ್ಟಿಸಾಲ್ ಹೆಚ್ಚಿತ್ತು. ದಿಗಿಲಿನಿಂದ ಈಗಷ್ಟೇ ಹೊರಬರುತ್ತಿರುವ ನಾಯಿಗೆ ಬೆತ್ತ ತೋರಿಸಿದರೆ ಗಳಿಸಿದ ನಂಬಿಕೆಯೂ ಹೋಗುತ್ತದೆ.

ಹಗ್ಗಕ್ಕೆ ಇನ್ನೊಂದು ಕಾರಣವಿದೆ. ಝೆಕ್ ಸಂಶೋಧಕರು 27 ಬೇಟೆನಾಯಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಕಾಡಿನಲ್ಲಿ ಬಿಟ್ಟಾಗ ಕೆಲವು ಬಂದ ದಾರಿಯ ವಾಸನೆ ಹಿಡಿದು ಮರಳಿದವು. ಹೊಸ ದಾರಿಯಲ್ಲಿ ಮರಳಿದವುಗಳಲ್ಲಿ ಹಲವು ಮೊದಲು ಸುಮಾರು 20 ಮೀಟರ್ ಉತ್ತರ–ದಕ್ಷಿಣವಾಗಿ ಓಡಿ, ನಂತರ ಒಡೆಯನತ್ತ ತಿರುಗಿದವು. ಭೂಮಿಯ ಕಾಂತಕ್ಷೇತ್ರದಿಂದ ಅವು ದಿಕ್ಕು ಹೊಂದಿಸಿಕೊಳ್ಳುತ್ತಿರಬಹುದು ಎಂಬುದು ಅವರ ಊಹೆ. ದಾರಿ ಹುಡುಕುವ ಇಂಥ ಜಾಣ್ಮೆ ಕೆಲಸ ಮಾಡಬೇಕಾದರೆ ಮರಳಬೇಕಾದ ಮನೆ ಯಾವುದೆಂದು ನಾಯಿಗೆ ಗೊತ್ತಿರಬೇಕು. ವಾರದ ಹಿಂದೆ ಬಂದ ನಾಯಿ ಪಟಾಕಿಗೋ ಕಳೆ ಕೊಚ್ಚುವ ಯಂತ್ರದ ಸದ್ದಿಗೋ ಬೆದರಿ ಬೇಲಿ ದಾಟಿದರೆ ಅದಕ್ಕಿನ್ನೂ ಆ ಮನೆ ಇಲ್ಲ. ಬೆಳಿಗ್ಗೆ ಸಂಜೆ ಬೇಲಿಯುದ್ದಕ್ಕೂ ಹಗ್ಗ ಹಿಡಿದು ನಿಧಾನ ನಡೆಸಿ, ಬೇಕಾದಷ್ಟು ಮೂಸಲು ಬಿಡಬೇಕು.

ಸಪ್ಪಗಿರುವ ನಾಯಿಯೆಲ್ಲ ಹೆದರಿದ ನಾಯಿಯೂ ಅಲ್ಲ. ಉಣುಗಿನಿಂದ ಹರಡುವ ಎರ್ಲಿಕಿಯೋಸಿಸ್ ಜ್ವರ ಸೋಂಕು ತಗುಲಿದ ಒಂದರಿಂದ ಮೂರು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಂದ ಮೊದಲ ದಿನಗಳಲ್ಲಿ ಸ್ವಲ್ಪ ಚೇತರಿಸಿಕೊಂಡ ನಾಯಿ ಎರಡನೇ ವಾರ ಮತ್ತೆ ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅದು ಬೇಸರವಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಡಾಕ್ಸಿಸೈಕ್ಲಿನ್‌ನಿಂದ ವಾಸಿಯೂ ಆಗುತ್ತದೆ. ತಡಮಾಡಿದರೆ ನಾಯಿ ಉಳಿಯುವುದು ಕಷ್ಟ. ಅಡಿಕೆಯ ನಡುವೆ ಕೋಕೋ ಬೆಳೆಯುವ ಕರಾವಳಿ, ಮಲೆನಾಡಿನ ತೋಟಗಳಲ್ಲಿ ಒಣಗಲು ಹಾಕಿದ ಕೋಕೋ ಬೀಜಕ್ಕೆ ನಾಯಿ ಬಾಯಿ ಹಾಕದಂತೆ ನೋಡಿಕೊಳ್ಳಬೇಕು, ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ. ಇಲಿಗಿಡುವ ಜಿಂಕ್ ಫಾಸ್ಫೈಡ್‌ಗಂತೂ ಮದ್ದೇ ಇಲ್ಲ.

ಚಿರತೆಯ ಮಾತು ಬೇರೆಯೇ. ಮಹಾರಾಷ್ಟ್ರದ ಅಕೋಲೆ ಸುತ್ತಲಿನ ಕೃಷಿ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ, ಅವು ತಿಂದ ಒಟ್ಟು ಮಾಂಸದಲ್ಲಿ ಶೇಕಡ 39ರಷ್ಟು ನಾಯಿಯದೇ ಎಂದು ಕಂಡುಬಂತು. ಚಿರತೆ ಓಡಾಡುವ ಕಡೆ ರಾತ್ರಿ ಹೊರಗೆ ಕಟ್ಟಿಹಾಕಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಕತ್ತಲಾದ ಮೇಲೆ ಅದರ ಜಾಗ ಬಾಗಿಲು ಹಾಕಿದ ಕೊಟ್ಟಿಗೆ ಅಥವಾ ಮನೆಯೊಳಗೆ. ಹಗಲು ನಾಯಿಯನ್ನು ಅಲೆಯಲು ಬಿಟ್ಟರೆ ಅಪಾಯ ಬೇರೆ ಪ್ರಾಣಿಗಳಿಗೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಮತ್ತು ಜೊತೆಗಾರರು ದೇಶಾದ್ಯಂತ ಕಲೆಹಾಕಿದ ಮಾಹಿತಿಯಲ್ಲಿ ನಾಯಿಗಳು ದಾಳಿ ಮಾಡಿದ 80 ವನ್ಯಜೀವಿ ಪ್ರಭೇದಗಳ ಹೆಸರಿದೆ, ಅದರಲ್ಲಿ 31 ಅಳಿವಿನ ಅಪಾಯದಲ್ಲಿರುವಂಥವು.

ಇದೆಲ್ಲ ತಿಳಿದ ಮೇಲೆ, ಪೇಟೆಯಲ್ಲಿ ಬೇಡವಾದ ನಾಯಿಯನ್ನು ‘ಹಳ್ಳಿಯಲ್ಲಿ ಹಾಯಾಗಿರಲಿ’ ಎಂದು ತೋಟದ ಅಂಚಿನಲ್ಲಿ ಇಳಿಸಿ ಹೋಗುವುದು ದಯೆಯಲ್ಲ ಎಂಬುದು ಸ್ಪಷ್ಟ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಶಸ್ತ್ರಚಿಕಿತ್ಸೆ, ಲಸಿಕೆ ಆದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆನ್ನುತ್ತವೆ. ಮನುಷ್ಯರಿಗೆ ರೇಬಿಸ್ ತಗುಲುವ ಪ್ರಕರಣಗಳಲ್ಲಿ ಶೇಕಡ 99ರಷ್ಟು ನಾಯಿಗಳಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ತೋಟಕ್ಕೆ ಕರೆತರುವ ನಾಯಿಯ ಮೊದಲ ನಿಲ್ದಾಣ ಪಶು ಆಸ್ಪತ್ರೆಯೇ ಆಗಬೇಕು. ಎರಡನೇ ತಿಂಗಳು ಅದು ಕೋಳಿ ಅಟ್ಟಿದಾಗ, ಅಂಚೆಯವರ ಮೇಲೆ ಎಗರಿದಾಗ ‘ಈ ನಾಯಿ ಸರಿಯಿಲ್ಲ’ ಎಂದು ವಾಪಸು ಕಳಿಸಬೇಡಿ. ಹಗ್ಗ ಮತ್ತೆ ಕಟ್ಟಿ, ಕಲಿಸುವುದನ್ನು ಮತ್ತೆ ಮೊದಲಿನಿಂದ ಶುರು ಮಾಡಿ, ಕನಿಷ್ಠ ಆರು ತಿಂಗಳು ಕೊಡಿ.