ಮನೆಗೆ ಮರದ ನೆಲವೇ? ಮೊದಲು ನೀರಿನ ಲೆಕ್ಕ ಹಾಕಿ

ಗೋಡೆಯ ಗಿಲಾವು ಮುಗಿದು ಕೆಲಸ ನೆಲಕ್ಕೆ ಬಂದಾಗ ಮನೆಯಲ್ಲಿ ಎರಡು ಮಾತು ಶುರುವಾಗುತ್ತವೆ. ಹಿರಿಯರಿಗೆ ಶಹಾಬಾದ್ ಕಲ್ಲೋ ಕಡಪ ಕಲ್ಲೋ ಸಾಕು. ಮಕ್ಕಳಿಗೆ ಮೊಬೈಲಿನಲ್ಲಿ ಕಂಡ, ಗಲ್ಫ್‌ನಲ್ಲಿರುವ ಅಣ್ಣ ಫೋಟೋ ಕಳಿಸಿದ ಮರದ ನೆಲ ಬೇಕು. ಅದು ನೋಡಲು ಚೆಂದ, ಚಳಿಗಾಲದಲ್ಲಿ ಕಾಲಿಗೆ ಕೊರೆಯುವುದಿಲ್ಲ ಎಂಬುದೆಲ್ಲ ನಿಜ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹವೆಗೆ ಅದು ತಾಳುತ್ತದೆಯೇ, ಮನೆಯವರ ಆರೋಗ್ಯಕ್ಕೆ ಒಗ್ಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.

‘ನಮ್ಮದು ಒಣ ಸೀಮೆ, ಮರಕ್ಕೆ ಒಳ್ಳೆಯದೇ ಅಲ್ಲವೇ?’ ಎಂದು ನೀವು ಕೇಳಬಹುದು. ಮರಕ್ಕೆ ತೊಂದರೆ ಕೊಡುವುದು ಒಣ ಹವೆಗಿಂತ ಹೆಚ್ಚಾಗಿ ಹವೆಯ ಏರಿಳಿತ. ಕತ್ತರಿಸಿದ ಮೇಲೂ ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ನಮ್ಮಲ್ಲಿ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಮಳೆಗಾಲದ ಬೆಳಿಗ್ಗೆ ಅದೇ ಶೇ. 80ರ ಹತ್ತಿರ ಹೋಗುತ್ತದೆ. ಮರದ ನೆಲಕ್ಕೆ ಬೇಕಾದದ್ದು ವರ್ಷವಿಡೀ ಶೇ. 30ರಿಂದ 50ರ ಒಳಗಿನ ತೇವಾಂಶ. ಗಲ್ಫ್‌ನ ಮನೆಗಳಲ್ಲಿ ಹಗಲಿರುಳು ಏಸಿ ಓಡುವುದರಿಂದ ಅದು ನಡೆಯುತ್ತದೆ. ನಮ್ಮ ಮನೆಗಳಲ್ಲಿ ಕಿಟಕಿ ತೆರೆದಿರುತ್ತದೆ, ತೆರೆದೇ ಇರಬೇಕು. ಐದು ಅಂಗುಲ ಅಗಲದ ತೇಗದ ಹಲಗೆಯೊಂದು ಈ ಏರಿಳಿತಕ್ಕೆ ಸುಮಾರು ಒಂದು ಮಿಲಿಮೀಟರ್ ಕುಗ್ಗಬಹುದು. ಅಷ್ಟೇ ತಾನೇ ಎನ್ನಬೇಡಿ. ಬೇಸಿಗೆಯಲ್ಲಿ ಪ್ರತಿ ಎರಡು ಹಲಗೆಯ ನಡುವೆ ಅಷ್ಟಷ್ಟು ಸಂದು ಬಿಟ್ಟುಕೊಂಡರೆ ಊಟದ ಚೂರು, ಇರುವೆ, ದೂಳು ಎಲ್ಲವೂ ಅಲ್ಲಿ ಸೇರುತ್ತವೆ. ಹೆದ್ದಾರಿ ಬದಿಯ ಮನೆಗಳಲ್ಲಿ, ಉಬ್ಬಸ ಇರುವ ಮಕ್ಕಳಿರುವಲ್ಲಿ, ಈ ದೂಳು ಸಣ್ಣ ವಿಷಯವಲ್ಲ. ಗೆದ್ದಲಿನ ಕಾಟವಂತೂ ನಿಮಗೆ ಹೇಳಿಕೊಡಬೇಕಿಲ್ಲ.

ಇನ್ನು ನೀರು. ನಮ್ಮ ಮನೆಯ ನೆಲ ದಿನಕ್ಕೆ ಎಷ್ಟು ಸಲ ಒದ್ದೆಯಾಗುತ್ತದೆ, ಒಮ್ಮೆ ಎಣಿಸಿ. ಐದು ಹೊತ್ತು ವುಝೂ ಮಾಡಿ ಬರುವವರ ಒದ್ದೆ ಕಾಲು, ಅಡಿಗೆಮನೆಯ ನೀರು, ಸಂಜೆಯ ಒರೆಸುವಿಕೆ. ಮಗು ಮೂತ್ರ ಮಾಡಿತೆಂದರೆ ಬರೀ ಒರೆಸಿ ಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಪಾಕ್ ಆಗಲು ನೀರು ಸುರಿದು ತೊಳೆಯುತ್ತೇವೆ. ಮರದ ನೆಲಕ್ಕೆ ಹಿಂಡಿದ ಬಟ್ಟೆಗಿಂತ ಹೆಚ್ಚಿನ ನೀರು ಆಗದು. ಸಂದಿಗೆ ಇಳಿದ ನೀರು ಕೆಳಗೇ ನಿಂತು ಬೂಸು ಹಿಡಿಯುತ್ತದೆ, ವಾಸನೆ ಬರುತ್ತದೆ. ಧಾರಾಳವಾಗಿ ತೊಳೆಯಲಾಗದ ನೆಲ ನಮ್ಮ ಬದುಕಿನ ರೀತಿಗೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕಡಿಮೆ ಬೆಲೆಗೆ ‘ವುಡನ್ ಫ್ಲೋರಿಂಗ್’ ಎಂದು ತೋರಿಸುವುದು ಬಹುಪಾಲು ಲ್ಯಾಮಿನೇಟ್. ಮರದ ಪುಡಿಗೆ ಅಂಟು ಸೇರಿಸಿ ಒತ್ತಿ, ಮೇಲೆ ಮರದ ಚಿತ್ರ ಅಂಟಿಸಿದ ಹಲಗೆ ಅದು. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ, ಬಿಸಿಲು ಹೆಚ್ಚಿದಷ್ಟೂ ಹೆಚ್ಚು. ಕಣ್ಣುರಿ, ಗಂಟಲು ಕೆರೆತ ತರುವ ಈ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಲ್ಯಾಮಿನೇಟೇ ಬೇಕೆಂದರೆ ಪೆಟ್ಟಿಗೆಯ ಮೇಲೆ ಇ-1 ಅಥವಾ ಇ-0 ಎಂಬ ಗುರುತು ಇದೆಯೇ ನೋಡಿ. ಹಾಕಿಸಿದ ಮೇಲೆ ಕೆಲವು ವಾರ ಕಿಟಕಿ ಮುಚ್ಚಬೇಡಿ.

ಆಸೆ ಬಿಡದಿದ್ದರೆ ಮೇಲಂತಸ್ತಿನ ಒಂದು ಮಲಗುವ ಕೋಣೆಗೆ ಮಾತ್ರ ಹಾಕಿಸಿ, ಅದೂ ಎಂಜಿನಿಯರ್ಡ್ ವುಡ್. ಅಡ್ಡಡ್ಡ ಪದರಗಳ ಪ್ಲೈವುಡ್ ಮೇಲೆ ತೆಳುವಾದ ನಿಜ ಮರ ಇರುವುದರಿಂದ ಅದು ಕುಗ್ಗುವುದು ಕಡಿಮೆ. ಅಗಲದ ಹಲಗೆಗಿಂತ ಕಿರಿದು ಒಳ್ಳೆಯದು. ಹಲಗೆಗಳನ್ನು ಎರಡು ಮೂರು ದಿನ ಅದೇ ಕೋಣೆಯಲ್ಲಿಟ್ಟು ಅಲ್ಲಿಯ ಹವೆಗೆ ಒಗ್ಗಿಸಿದ ಮೇಲೆ ಜೋಡಿಸಲಿ. ಗೋಡೆಯ ಸುತ್ತ 8-10 ಮಿಲಿಮೀಟರ್ ಜಾಗ ಬಿಡಲಿ. ಕಾಂಕ್ರೀಟ್ ಒಣಗಿದೆಯೇ ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಕೆಳಗೆ ಹನಿ ಕಂಡರೆ ಇನ್ನೂ ಕಾಯಬೇಕು.

ಉಳಿದ ಮನೆಗೆ ಕಲ್ಲು ಅಥವಾ ಟೈಲ್ಸ್. ಏಪ್ರಿಲ್-ಮೇ ತಿಂಗಳಲ್ಲಿ ಕಲ್ಲಿನ ನೆಲದ ತಂಪು ಬಡವರ ಏಸಿ ಇದ್ದ ಹಾಗೆ. ಆದರೆ ಕನ್ನಡಿಯಂತೆ ಹೊಳೆಯುವ ಟೈಲ್ಸಿಗೆ ಮರುಳಾಗಬೇಡಿ. ಫಜ್ರ್‌ಗೆ ಎದ್ದ ದಾದಿ ಅರೆಗತ್ತಲಲ್ಲಿ ವುಝೂ ಮಾಡಿ ಒದ್ದೆ ಕಾಲಿನಲ್ಲಿ ಬರುತ್ತಾರೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಬಳ್ಳಾರಿಗೋ ದಾವಣಗೆರೆಗೋ ಓಡಬೇಕು. ಶಸ್ತ್ರಚಿಕಿತ್ಸೆ ಆದ ಮೇಲೂ ಆ ವಯಸ್ಸಿನಲ್ಲಿ ಅನೇಕರು ಮೊದಲಿನಂತೆ ನಡೆಯಲಾರರು. ಬಚ್ಚಲು, ವುಝೂ ಜಾಗ, ಅಲ್ಲಿಂದ ಕೋಣೆಗೆ ಬರುವ ದಾರಿಗೆ ಮ್ಯಾಟ್ ಟೈಲ್ಸನ್ನೇ ಕೇಳಿ. ಆರ್-9, ಆರ್-10, ಆರ್-11 ಎಂಬ ಗುರುತು ಇರುತ್ತದೆ; ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಗುರುತು ಇಲ್ಲದಿದ್ದರೆ ಅಂಗಡಿಯಲ್ಲೇ ಒಂದು ಟೈಲ್ಸ್ ಕೆಳಗಿಡಿಸಿ, ನೀರು ಚೆಲ್ಲಿ, ಯಾರನ್ನಾದರೂ ಹಿಡಿದುಕೊಂಡು ಬರಿಗಾಲಲ್ಲಿ ನಿಂತು ನೋಡಿ. ಅಂಗಡಿಯವರು ನಗಲಿ, ಪರವಾಗಿಲ್ಲ. ವುಝೂ ಜಾಗದ ನೆಲಕ್ಕೆ ಹತ್ತು ಅಡಿಗೆ ಒಂದೂವರೆ ಅಂಗುಲದಷ್ಟು ಇಳಿಜಾರು ಕೊಡಿಸಿ, ಗೋಡೆಗೊಂದು ಹಿಡಿಕೆ ಹಾಕಿಸಿ.

ಚಳಿಗೆ, ಮಂಡಿನೋವಿಗೆ ಹತ್ತಿಯ ಜಮಖಾನ ಸಾಕು. ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತಲೆಮಾರುಗಳಿಂದ ನೇಯುತ್ತಾ ಬಂದ ಜಮಖಾನಕ್ಕೆ ಜಿಐ ಮಾನ್ಯತೆಯೂ ಇದೆ. ಜಾನಮಾಝ್‌ಗಳನ್ನೂ ಅವರು ನೇಯುತ್ತಾರೆ. ವಾರಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕಬಹುದು. ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ಟಿಗೆ ಆ ಭಾಗ್ಯ ಇಲ್ಲ.

ಬೋರ್‌ವೆಲ್ಲಿನ ಗಡಸು ನೀರು ನೆಲದ ಮೇಲೆ ಬಿಳಿ ಕಲೆ ಬಿಡುತ್ತದೆ. ಅದಕ್ಕೆ ಆ್ಯಸಿಡ್ ಸುರಿಯಬೇಡಿ, ಶಹಾಬಾದ್ ಕಲ್ಲು ಸುಣ್ಣಕಲ್ಲು, ಆ್ಯಸಿಡ್ ಅದನ್ನು ತಿನ್ನುತ್ತದೆ. ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ನೆಲ ಹಾಕುವ ಹುಡುಗರು ನಮ್ಮ ಓಣಿಯವರೇ ಆಗಿರುತ್ತಾರೆ. ಕಲ್ಲು, ಟೈಲ್ಸ್ ಒಣಗಿದ್ದಾಗಲೇ ಕಟ್ಟರ್ ಹಾಕಿದರೆ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದನ್ನು ಗುಣಪಡಿಸುವ ಮದ್ದು ಇಲ್ಲ. ನೀರು ಬಿಟ್ಟು ಕತ್ತರಿಸುವ ಕಟ್ಟರ್ ತರಲು ಮೇಸ್ತ್ರಿಗೆ ಮೊದಲೇ ಹೇಳಿ. ನೀರು, ಅರ್ಥಿಂಗ್ ಇರುವ ಪ್ಲಗ್, ಒಳ್ಳೆಯ ಮಾಸ್ಕ್ ನೀವೇ ಒದಗಿಸಿ. ಕತ್ತರಿಸುವ ಕೆಲಸ ಹೊರಗೆ, ಬಯಲಿನಲ್ಲಿ ನಡೆಯಲಿ. ಆ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಬಿಡಬೇಡಿ.