ರೋಗವೋ, ಲವಣದ ಕೊರತೆಯೋ?



ಹಿತ್ತಲಿನ ಟೊಮೆಟೊ ಕಾಯಿಯ ತಳ ಕಪ್ಪಾಗಿ, ಒಳಕ್ಕೆ ಕುಸಿಯುವುದನ್ನು ನೀವು ನೋಡಿರಬಹುದು. ಹೋದ ಬೇಸಿಗೆಯಲ್ಲಿ ಒಬ್ಬ ತಾಯಿ ಅಂಥ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿ ತಂದು, "ಎರಡು ಸಲ ಔಷಧಿ ಹೊಡೆಸಿದೆ ಕಣಪ್ಪಾ, ರೋಗ ನಿಲ್ಲಲಿಲ್ಲ" ಎಂದರು. ಅದು ರೋಗವಲ್ಲ, ಕಾಯಿಗೆ ಸುಣ್ಣದ ಅಂಶ ಸಾಲದೆ ಬಂದ ಕೊರತೆ. ಔಷಧಿಯ ಹಣವೂ ಹೋಯಿತು, ಮಕ್ಕಳು ತಿನ್ನುವ ತರಕಾರಿಗೆ ವಿಷವೂ ಬಿತ್ತು.

ಹಾಗಾದರೆ ಮಣ್ಣಿನಲ್ಲಿ ಸುಣ್ಣವಿರಲಿಲ್ಲವೇ? ಇತ್ತು. ಆದರೆ ಲವಣಗಳು ನೀರಿನಲ್ಲಿ ಕರಗಿದರೆ ಮಾತ್ರ ಬೇರಿಗೆ ದಕ್ಕುತ್ತವೆ. ಆ ಮನೆಯಲ್ಲಿ ಒಂದು ದಿನ ಮಡಿ ತುಂಬ ನೀರು ಕಟ್ಟಿ, ಮತ್ತೆ ವಾರವಿಡೀ ಒಣಗಲು ಬಿಡುತ್ತಿದ್ದರು. ಮಣ್ಣಿನ ಹದ ನೋಡಿ ತಪ್ಪದೆ ನೀರು ಕೊಟ್ಟು, ಬುಡಕ್ಕೆ ಒಣಹುಲ್ಲು ಹೊದಿಸಿದ ಮೇಲೆ ಬಂದ ಹೊಸ ಕಾಯಿಗಳು ಚೆನ್ನಾಗಿದ್ದವು.

ಆದುದರಿಂದ ಔಷಧಿಗೆ ಕೈಹಾಕುವ ಮೊದಲು ಗಿಡವನ್ನು ನೋಡಿ. ಕೆಟ್ಟಿರುವುದು ಕೆಳಗಿನ ಹಳೆಯ ಎಲೆಯೋ, ಮೇಲಿನ ಚಿಗುರೋ? ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಡಿಮೆಯಾದಾಗ ಗಿಡವು ಅವನ್ನು ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣ, ಸುಣ್ಣ, ಬೋರಾನ್‌ಗಳನ್ನು ಹಾಗೆ ಸಾಗಿಸಲಾರದು. ಅವುಗಳ ಕೊರತೆ ಚಿಗುರಿನಲ್ಲಿ, ಕಾಯಿಯಲ್ಲಿ ಕಾಣುತ್ತದೆ.

1. ಹಳೆಯ ಎಲೆ ಪೂರ್ತಿ ಹಳದಿಯಾಗಿ ಗಿಡ ಬಡಕಲಾದರೆ ಸಾರಜನಕ ಸಾಲದು. ಕಾಂಪೋಸ್ಟ್ ಅಥವಾ ಕಡಲೆಕಾಯಿ ಹಿಂಡಿ ಕೊಡಿ.

2. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಸಾಲದು. ಸೌದೆಯ ಬೂದಿ ಒಳ್ಳೆಯದು. ಆದರೆ ಸುಣ್ಣ ಹೆಚ್ಚಿರುವ ಮಣ್ಣಿಗೆ ಬೂದಿ ಬೇಡ. ಅಮೋನಿಯಂ ಸಲ್ಫೇಟಿನೊಡನೆ ಬೂದಿಯನ್ನು ಬೆರೆಸಲೂಬೇಡಿ; ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

3. ನರ ಹಸಿರಾಗಿದ್ದು ನಡುವೆ ಹಳದಿಯಾಗುವುದು ಹಳೆಯ ಎಲೆಯಲ್ಲಾದರೆ ಮೆಗ್ನೀಷಿಯಂ ಕೊರತೆ, ಚಿಗುರಿನಲ್ಲಾದರೆ ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲೂ ನೀರು ನಿಲ್ಲುವ ಕಡೆಯಲ್ಲೂ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ಮೊದಲು ನೀರು ಬಸಿದುಹೋಗುವಂತೆ ಮಾಡಿ. ಆಮೇಲೂ ಬೇಕಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿ.

4. ಹೂಕೋಸಿನ ಗಡ್ಡೆ ಕಂದಾಗಿ ದಂಟು ಟೊಳ್ಳಾದರೆ ಬೋರಾನ್ ಕೊರತೆಯಿರಬಹುದು. ಮುಂದಿನ ಬೆಳೆಗೆ, ನಾಟಿಗೆ ಮೊದಲು, 10 ಅಡಿ ಉದ್ದ 10 ಅಡಿ ಅಗಲದ ಮಡಿಗೆ 10 ಗ್ರಾಂ ಬಿಳಿಗಾರವನ್ನು ಮರಳಿನಲ್ಲಿ ಬೆರೆಸಿ ಎರಚಿದರೆ ಸಾಕು. ಹೆಚ್ಚಾದರೆ ಅದೇ ಗಿಡಕ್ಕೆ ವಿಷ.

ಅಷ್ಟೇ ಅಳತೆಯ ಮಡಿಗೆ ಪ್ರತಿ ಬೆಳೆಗೂ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮಂಕರಿ ಹಾಕಿದರೆ ಈ ಕೊರತೆಗಳಲ್ಲಿ ಬಹುಪಾಲು ತಲೆದೋರುವುದೇ ಇಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಬೇಕಾಗಬಹುದು. ಬಯಲುಸೀಮೆಯ ಕಪ್ಪು ಮಣ್ಣಿಗೆ ಸಾಮಾನ್ಯವಾಗಿ ಬೇಡ. ಎಷ್ಟು ಎಂಬುದನ್ನು ಊಹೆಯಿಂದ ತೀರ್ಮಾನಿಸದೆ, ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಗಿಡದಲ್ಲಿ ಸಂದೇಹ ಕಂಡರೆ ಒಂದು ಹಳೆಯ ಎಲೆ, ಒಂದು ಚಿಗುರು ಎರಡನ್ನೂ ಕಿತ್ತಿಟ್ಟುಕೊಂಡಿರಿ. ನಾನು ನಿಮ್ಮ ಊರಿಗೆ ಬಂದಾಗ ಇಬ್ಬರೂ ಕೂಡಿ ನೋಡೋಣ.