363 ಮೈಲಿ

1817ರ ಜುಲೈ 4ರಂದು ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಪುಟ್ಟ ಊರಿನ ಹತ್ತಿರ ಮೊದಲ ಗುದ್ದಲಿ ಬಿತ್ತು. ಡಿವಿಟ್ ಕ್ಲಿಂಟನ್ ಆ ರಾಜ್ಯದ ಗವರ್ನರ್ ಆಗಿ ಆಗಿನ್ನೂ ಮೂರೇ ದಿನ. ಈರಿ ಸರೋವರವನ್ನು ಹಡ್ಸನ್ ನದಿಗೆ ಜೋಡಿಸಲು ತೋಡಬೇಕಿದ್ದ ಈರಿ ಕಾಲುವೆಯ ಉದ್ದ 363 ಮೈಲಿ, ಅಂದರೆ 584 ಕಿಲೋಮೀಟರ್. ಅಮೆರಿಕದಲ್ಲಿ ಅಲ್ಲಿಯವರೆಗಿನ ದೊಡ್ಡ ಕಾಲುವೆಯೆಂದರೆ ಮಿಡ್ಲ್‌ಸೆಕ್ಸ್. ಅದರ ಉದ್ದ 27 ಮೈಲಿ!

ಕೇಂದ್ರದಿಂದ ಹಣ ಸಿಗಬಹುದೆಂಬ ಆಸೆ ಅದೇ ವರ್ಷದ ಮಾರ್ಚ್‌ನಲ್ಲಿ ಮಣ್ಣುಗೂಡಿತ್ತು. ಅದಕ್ಕೆ ಬೇಕಿದ್ದ ಮಸೂದೆಯನ್ನು ಅಧ್ಯಕ್ಷ ಮ್ಯಾಡಿಸನ್ ತಡೆಹಿಡಿದಿದ್ದರು. ಐದು ವರ್ಷಗಳ ಹಿಂದಷ್ಟೇ ಅಧ್ಯಕ್ಷ ಪದವಿಗಾಗಿ ಇದೇ ಮ್ಯಾಡಿಸನ್ ಎದುರು ನಿಂತು, 128ಕ್ಕೆ 89 ಎಲೆಕ್ಟೋರಲ್ ಮತಗಳಿಂದ ಸೋತವರು ಕ್ಲಿಂಟನ್. ಕೊನೆಗೆ ಸುಮಾರು 70 ಲಕ್ಷ ಡಾಲರಿನ ಹೊರೆಯನ್ನು ರಾಜ್ಯ ಒಂದೇ ಹೊತ್ತುಕೊಂಡಿತು.

ಯಂತ್ರಗಳಿರಲಿಲ್ಲ. ಗುದ್ದಲಿ, ಸಲಿಕೆ, ಸಿಡಿಮದ್ದು, ಎತ್ತು, ಕುದುರೆ, ಇಷ್ಟೇ. ಮುಖ್ಯ ಇಂಜಿನಿಯರರಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡಿಸ್ ಅದುವರೆಗೆ ಭೂಮಿ ಅಳೆದವರು, ನ್ಯಾಯಾಧೀಶರ ಪೀಠದಲ್ಲಿ ಕೂತವರು, ಕಾಲುವೆ ಕಟ್ಟಿದವರಲ್ಲ. ಮಾಂಟೆಜುಮಾ ಜೌಗಿನಲ್ಲಿ 1819ರಲ್ಲಿ ಸುಮಾರು 1000 ಕೂಲಿಯಾಳುಗಳು ಜ್ವರದಿಂದ ಹಾಸಿಗೆ ಹಿಡಿದರು. ಅವರ ಹೆಸರುಗಳು ಯಾವ ಕಲ್ಲಿನ ಮೇಲಾದರೂ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇಷ್ಟೆಲ್ಲ ಮಾಡಿ ತೋಡಿದ ಕಾಲುವೆಯ ಅಗಲ 40 ಅಡಿ, ಆಳ ನಾಲ್ಕೇ ಅಡಿ. ಆಳು ನಿಂತರೆ ನೀರು ಎದೆಮಟ್ಟ. ಆದರೆ ಈರಿ ಸರೋವರ ಹಡ್ಸನ್ ನದಿಗಿಂತ ಸುಮಾರು 570 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ದೋಣಿ ಹತ್ತುವುದು ಹೇಗೆ? ಎರಡು ಬಾಗಿಲುಗಳ ನಡುವೆ ಕಲ್ಲಿನ ತೊಟ್ಟಿ ಕಟ್ಟಿದರು. ದೋಣಿ ಒಳಗೆ ಬಂದ ಮೇಲೆ ಕೆಳಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಟ್ಟರೆ ತೊಟ್ಟಿ ತುಂಬಿದಂತೆ ದೋಣಿಯೂ ಏರುತ್ತದೆ. ಇಂಥ 83 ಮೆಟ್ಟಿಲುಗಳನ್ನು ನೀರಿಗೆ ಕಟ್ಟಿಕೊಟ್ಟರು. ಅಡ್ಡ ಬಂದ ಹೊಳೆಗಳ ಮೇಲೆ 18 ಸೇತುವೆಗಳು. ಅವುಗಳ ಮೇಲೂ ಹರಿದದ್ದು ಕಾಲುವೆಯೇ.

ಕೆಲಸ ಮುಗಿಯುತ್ತ ಬಂದಾಗ, 1824ರ ಏಪ್ರಿಲ್‌ನಲ್ಲಿ, ವಿರೋಧಿಗಳು ಕ್ಲಿಂಟನ್‌ರನ್ನು ಕಾಲುವೆ ಮಂಡಳಿಯಿಂದಲೇ ಕಿತ್ತುಹಾಕಿದರು. ಆ ಮಂಡಳಿಯಲ್ಲಿ ಹದಿನಾಲ್ಕು ವರ್ಷ ಸಂಬಳವಿಲ್ಲದೆ ದುಡಿದವರಿಗೆ ಸಿಕ್ಕ ಮರ್ಯಾದೆ ಅದು. ಜನ ಕೆರಳಿದರು. ಅದೇ ನವೆಂಬರ್‌ನಲ್ಲಿ ಅವರನ್ನು ಮತ್ತೆ ಗವರ್ನರ್ ಆಗಿ ಆರಿಸಿದರು. ಇದಕ್ಕಿಂತ ನ್ಯಾಯವಾದ ತೀರ್ಪು ಬೇರೆ ಇರಲಾರದು.

1825ರ ಅಕ್ಟೋಬರ್ 26ರಂದು ಬಫಲೋದಿಂದ ಕ್ಲಿಂಟನ್‌ರ ದೋಣಿ ಹೊರಟಿತು. ಸುದ್ದಿ ಮುಟ್ಟಿಸಲು ದಾರಿಯುದ್ದಕ್ಕೂ ಒಂದರ ಸದ್ದು ಇನ್ನೊಂದಕ್ಕೆ ಕೇಳುವಷ್ಟು ದೂರದಲ್ಲಿ ಫಿರಂಗಿಗಳನ್ನು ಇಟ್ಟಿದ್ದರು. ಒಂದೂವರೆ ಗಂಟೆಯೊಳಗೆ ಆ ಸದ್ದು ನ್ಯೂಯಾರ್ಕ್ ನಗರ ತಲುಪಿತು. ದೋಣಿ ತಲುಪಿದ್ದು ನವೆಂಬರ್ 4ಕ್ಕೆ. ಈರಿ ಸರೋವರದಿಂದ ತಂದ ನೀರನ್ನು ಕ್ಲಿಂಟನ್ ಅಟ್ಲಾಂಟಿಕ್‌ಗೆ ಸುರಿದರು.

ಬಫಲೋದಿಂದ ನ್ಯೂಯಾರ್ಕ್ ನಗರಕ್ಕೆ ಬಂಡಿಯಲ್ಲಿ ಒಂದು ಟನ್ ಸರಕು ಸಾಗಿಸಲು ಸುಮಾರು 100 ಡಾಲರ್ ಬೇಕಿದ್ದದ್ದು 10ರ ಆಸುಪಾಸಿಗೆ ಇಳಿಯಿತು. ಬಫಲೋದ ಜನಸಂಖ್ಯೆ 1820ರಲ್ಲಿ 2,095 ಇದ್ದದ್ದು 1850ಕ್ಕೆ 42,261 ಆಯಿತು. ನ್ಯೂಯಾರ್ಕ್ ನಗರದ್ದು ಅದೇ ಅವಧಿಯಲ್ಲಿ 1,23,706ರಿಂದ 5,15,547ಕ್ಕೆ ಏರಿತು.

ಕ್ಲಿಂಟನ್ ಅದನ್ನು ನೋಡಲಿಲ್ಲ. 1828ರ ಫೆಬ್ರವರಿ 11ರಂದು, ಗವರ್ನರ್ ಆಗಿದ್ದಾಗಲೇ ತೀರಿಕೊಂಡರು, ಮನೆಯವರಿಗೆ ಸಾಲ ಬಿಟ್ಟು. ಸಮಾಧಿಗೆ ಆರಡಿ ನೆಲ ಕೊಳ್ಳಲೂ ಕುಟುಂಬದ ಬಳಿ ಹಣವಿರಲಿಲ್ಲ. ಆಲ್ಬನಿಯಲ್ಲಿ ಸ್ನೇಹಿತರೊಬ್ಬರ ಸಮಾಧಿಕೋಣೆಯಲ್ಲಿ ಅವರ ದೇಹ 16 ವರ್ಷ ಇತ್ತು. 1844ರಲ್ಲಿ ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನಕ್ಕೆ ತಂದು ಮಣ್ಣು ಮಾಡಿದರು.